ಹೆಪ್ಪು

"ಹೆಪ್ಪಿಗೆ ಒಂಚೂರು ಮಜ್ಜಿಗೆ ಇದ್ರೆ ಕೊಡ್ತೀರಾ?" ಪಕ್ಕದ ಮನೆಯವರು ಲೋಟ ಹಿಡಿದು ಬಂದು ಹೀಗೆ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಹೆಪ್ಪೆಂದರೆ ಒಂದು ಚಮಚ ಹಳೆಯ ಮೊಸರು, ಇಲ್ಲವೇ ಮಜ್ಜಿಗೆ. ಎರಡೂ ಇಲ್ಲದ ದಿನ ಮೆಣಸಿನಕಾಯಿಯ ತೊಟ್ಟು. ಕಾಯಿಸಿದ ಹಾಲು ಉಗುರುಬೆಚ್ಚಗಾದಾಗ ಹಾಕಿ ಮುಚ್ಚಿಟ್ಟರೆ ಬೆಳಗ್ಗೆ ಮೊಸರು.

ಈ ಪದ ಅಡುಗೆಮನೆಯಲ್ಲೇ ಕೂರಲಿಲ್ಲ. 'ಗಟ್ಟು' ಸೇರಿಸಿಕೊಂಡು ಆಸ್ಪತ್ರೆಗೆ ಹೋಯಿತು, ರಕ್ತ ಹೆಪ್ಪುಗಟ್ಟಿತು. ಹಿಮಾಲಯ ಹತ್ತಿತು, ಸರೋವರ ಹೆಪ್ಪುಗಟ್ಟಿತು. ಕಥೆಗಾರರ ಕೈಗೆ ಸಿಕ್ಕಿ ದುಃಖವೂ ಹೆಪ್ಪುಗಟ್ಟಿತು. ಅಲ್ಲೆಲ್ಲ ಹರಿಯುವುದು ನಿಂತಿತೆಂದು ಅರ್ಥ. ಮೊಸರಿನ ಪಾತ್ರೆಯಲ್ಲಿ ಮಾತ್ರ ಹೆಪ್ಪೆಂದರೆ ಜೀವ: ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ಆ ಹುಳಿಗೆ ಹಾಲಿನ ಪ್ರೋಟೀನು ಗಟ್ಟಿಯಾಗುತ್ತದೆ.

ಈಗ ಪ್ರೋಬಯಾಟಿಕ್ ಮಾತ್ರೆಗಳ ಹೆಸರಿನಲ್ಲಿ ಹೊಟ್ಟೆಗೂ ಹೆಪ್ಪು ಹಾಕುವ ಕಾಲ. ಆಸೆ ಹಳೆಯದೇ. 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಇಲ್ಯಾ ಮೆಚ್ನಿಕೋಫ್, ಬಲ್ಗೇರಿಯದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಅವರು ಕುಡಿಯುವ ಹುಳಿಹಾಲೇ ಕಾರಣವೆಂದು ನಂಬಿದ್ದರು. ಆದರೆ ಒಂದು ಚಮಚ ಹೆಪ್ಪು ಇಡೀ ಪಾತ್ರೆಯನ್ನು ಗೆಲ್ಲುವುದು ಹಾಲನ್ನು ಮೊದಲೇ ಕಾಯಿಸಿರುವುದರಿಂದ. ಎದುರಾಳಿಗಳು ಆಗಲೇ ಸತ್ತಿರುತ್ತವೆ. ಕರುಳು ಕಾಯಿಸಿದ ಹಾಲಲ್ಲ. ಅಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳು ಬೇರೂರಿವೆ. ಹೊಸದಾಗಿ ನುಂಗಿದವುಗಳಲ್ಲಿ ಹೆಚ್ಚಿನವು, ಮಾತ್ರೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಹೊರಬೀಳುತ್ತವೆ. ಆ್ಯಂಟಿಬಯಾಟಿಕ್ ತಿಂದು ಕರುಳು ಬರಿದಾದಾಗಲಾದರೂ ಹೆಪ್ಪು ಹಿಡಿಯಬಹುದಲ್ಲ? ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗ ಪ್ರೋಬಯಾಟಿಕ್ ಸೇವಿಸಿದವರ ಕರುಳಿಗೆ ಅವರದೇ ಮೂಲ ಬ್ಯಾಕ್ಟೀರಿಯಾಗಳು ಮರಳುವುದು ತಡವಾಯಿತು.

ಹಾಗೆಂದು ಎಲ್ಲವೂ ವ್ಯರ್ಥವಲ್ಲ. ಆ್ಯಂಟಿಬಯಾಟಿಕ್‌ನಿಂದಾಗುವ ಭೇದಿಯನ್ನು ಕೆಲವು ತಳಿಗಳು ತಗ್ಗಿಸುತ್ತವೆ. ಒಂದು ತಳಿಯ ಗುಣ ಇನ್ನೊಂದಕ್ಕಿರುವುದಿಲ್ಲ, ಆದ್ದರಿಂದ ಡಬ್ಬಿಯ ಮೇಲೆ ಬರಿದೇ 'ಪ್ರೋಬಯಾಟಿಕ್' ಎಂದು ಬರೆದಿದ್ದರೆ ಸಾಲದು. ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುವುದೂ ಹೆಪ್ಪಿನ ಬ್ಯಾಕ್ಟೀರಿಯಾಗಳಿಂದಲೇ; ಹಾಲಿನ ಸಕ್ಕರೆ ಅರಗಿಸುವ ಕಿಣ್ವವನ್ನು ಅವು ಜೊತೆಗೇ ತರುತ್ತವೆ. ಕುದಿಸಿ ಮಜ್ಜಿಗೆಹುಳಿ ಮಾಡಿದರೆ ರುಚಿ ಉಳಿಯುತ್ತದೆ, ಜೀವ ಉಳಿಯುವುದಿಲ್ಲ.

ಮೊಸರನ್ನ ಖುಷಿಯಾಗಿ ಉಣ್ಣಿ. ಕರುಳಿನಲ್ಲಿ ಈಗಾಗಲೇ ಇರುವವುಗಳಿಗೆ ಸೊಪ್ಪು, ಕಾಳು, ರಾಗಿಯ ನಾರು ಹಾಕಿ. ಮಾತ್ರೆಯ ವಿಚಾರವನ್ನು ಜಾಹೀರಾತಿಗೆ ಬಿಡದೆ ವೈದ್ಯರನ್ನು ಕೇಳಿ. ರೋಗನಿರೋಧಕ ಶಕ್ತಿ ಕುಂದಿದವರಂತೂ ಕೇಳದೆ ಮುಟ್ಟಬೇಡಿ.