ಅಪ್ಪನ ಫಿಯೆಟ್ಟೂ ವಿಶ್ವೇಶ್ವರಯ್ಯನವರೂ

ಅಪ್ಪ ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ 1974ರ ಫಿಯೆಟ್ ಈಗ ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿದೆ. ಭಾನುವಾರ ಬಂತೆಂದರೆ ನನ್ನ, ಮಗನ, ಮಗಳ ಕೈಯೆಲ್ಲ ಗ್ರೀಸು. ಸೀಟಿನ ಹೊಲಿಗೆ ನನ್ನಾಕೆಯದು. "ಗುಜರಿಗೆ ಹಾಕಿದ್ರೆ ಜಾಗ ಆದ್ರೂ ಉಳೀತಿತ್ತಲ್ಲಪ್ಪಾ" ಅಂದ ಮಗ. ಆಗ ಈ ಕಥೆ ಹೇಳಿದೆ.

ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ ಯುರೋಪು, ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು ನೋಡಿ! ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಆ ಕನಸನ್ನು ಕೈಗೆತ್ತಿಕೊಂಡ ವಾಲಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ, ಇಂದಿನ ಎಚ್‌ಎಎಲ್, ಶುರು ಮಾಡಿದವರೂ ಇವರೇ. ಪ್ರೀಮಿಯರ್‌ನ ಕುರ್ಲಾ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ 1100 ನಮ್ಮದಾಯಿತು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಜನರ ಬಾಯಲ್ಲಿ ಮಾತ್ರ ಅದು ಫಿಯೆಟ್ಟೇ.

"ಬೇರೆ ಇಂಜಿನ್ ಕೂರಿಸಿಬಿಡಿ ಸಾರ್, ಸಲೀಸು" ಅಂದಿದ್ದರು ಮೆಕ್ಯಾನಿಕ್. ಖರ್ಚು ನೋಡಿ ನಾನೂ ಒಪ್ಪುವುದರಲ್ಲಿದ್ದೆ. ತಡೆದವಳು ಮಗಳು. 2021ರ ಕೇಂದ್ರ ನಿಯಮ ಓದಿ ತೋರಿಸಿದಳು: ನೋಂದಣಿಯಾಗಿ 50 ವರ್ಷ ದಾಟಿ, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇದ್ದರೆ ಮಾತ್ರ ವಿಂಟೇಜ್ ಮಾನ್ಯತೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿಗಳಿಗೆ ಒಯ್ಯಬಹುದು.

ಆ 1089 ಸಿಸಿ ಇಂಜಿನ್ನನ್ನೇ ಬಿಚ್ಚಿ ಕೂತಿದ್ದೇವೆ. ಇನ್ನೂ ಸ್ಟಾರ್ಟ್ ಆಗಿಲ್ಲ. ಮಗ ಮಾತ್ರ ಮತ್ತೆ ಜಾಗದ ಮಾತು ಎತ್ತಿಲ್ಲ.