ಮನೆಗೊಂದು ಕೋವಿ, ಕೋವಿಗೊಂದು ದೀಪ

ನಾಟಿಯ ಕೆಲಸವೆಲ್ಲ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ 3ನೆಯ ತಾರೀಖಿನ ಸುಮಾರಿಗೆ, ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬ ಬರುತ್ತದೆ. ಆ ದಿವಸ ಮನೆಯಲ್ಲಿರುವ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನೆಲ್ಲ ಹೊರತೆಗೆದು, ಒರೆಸಿ, ದೀಪದ ಮುಂದೆ ಇಟ್ಟು ಪೂಜಿಸುತ್ತಾರೆ. ಕೋವಿಯ ನಳಿಗೆಗೆ ಹೂ ಮುಡಿಸುತ್ತಾರೆ. ಬೆಂಕಿಯ ನಾಲಗೆಯಂತಿರುವ ಕೆಂಪು ಹಳದಿಯ ಆ ಕಾಡುಹೂವಿಗೆ ಕೊಡವ ಮಾತಿನಲ್ಲಿ ‘ತೋಕ್ ಪೂ’, ಎಂದರೆ ಕೋವಿಯ ಹೂ ಎಂದೇ ಹೆಸರು. ಹೂವಿಗೇ ಕೋವಿಯ ಹೆಸರಿಟ್ಟ ನಾಡು ಬೇರೊಂದಿದ್ದರೆ ನಾವು ಅರಿಯೆವು.

ಗಂಡು ಮಗು ಹುಟ್ಟಿದರೆ ಅಲ್ಲಿ ಒಂದು ಗುಂಡು, ಸಾವಾದರೆ ಎರಡು. ಹುತ್ತರಿಯ ರಾತ್ರಿ ಹೊಸ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಬೇಕು. ಇದನ್ನೆಲ್ಲ ಕಂಡ ಹೊರಗಿನವರು ಕೋವಿಯನ್ನು ಹಬ್ಬದ ಸಾಮಗ್ರಿಯೆಂದೇ ತಿಳಿಯುವುದುಂಟು. ಆದರೆ ಅದು ಮೊದಲು ಮನೆ ಕಾಯುವ ಆಯುಧ. ಹಬ್ಬಕ್ಕೆ ಬಂದದ್ದು ಆಮೇಲೆ. ಹಳೆಯ ಐನ್‌ಮನೆಗಳು ಇದ್ದ ಬಗೆಯನ್ನು ನೋಡಿದರೆ ಈ ಮಾತು ತಾನಾಗಿ ತಿಳಿಯುತ್ತದೆ. ಮನೆ ಎತ್ತರದ ನೆಲದಲ್ಲಿ. ಅದಕ್ಕೆ ಹೋಗುವ ದಾರಿ, ಎರಡೂ ಕಡೆ ಮಣ್ಣಿನ ದಿಬ್ಬವೆದ್ದ ಸೊಟ್ಟ ಓಣಿ. ಬರುವವನು ಮನೆಯವರ ಕಣ್ಣಿಗೆ ಬೀಳದೆ ಬರುವಂತಿಲ್ಲ. ಗುಂಪಾಗಿ ನುಗ್ಗುವಂತೆಯೂ ಇಲ್ಲ. ಆಯುಧಕ್ಕಿಂತ ಮೊದಲು ಇಂಥ ಓಣಿಯೇ ಮನೆಯನ್ನು ಕಾಯುತ್ತಿತ್ತು. ಊರೂರಿನ ಗಡಿಯಲ್ಲಿ ತೋಡಿದ್ದ ‘ಕಡಂಗ’ಗಳೆಂಬ ಭಾರಿ ಅಗಳುಗಳು ಇದೇ ಯೋಚನೆಯ ದೊಡ್ಡ ರೂಪ.

ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಹಿಡುವಳಿಯ ರೈತರು ಸಾಗು ಭೂಮಿಗೆ ಸಲ್ಲುವ ಕಂದಾಯದ ಅರ್ಧವನ್ನಷ್ಟೇ ಕೊಡುತ್ತಿದ್ದರು. ಉಳಿದರ್ಧಕ್ಕೆ ಬದಲಾಗಿ ಅವರಿಂದ ಸಲ್ಲುತ್ತಿದ್ದುದು ಸೇವೆ. ಕರೆ ಬಂದಾಗ ಸ್ವಂತ ಆಯುಧದೊಂದಿಗೆ ಹೊರಡಬೇಕು. ಸರದಿಯ ಮೇಲೆ ಉಕ್ಕಡಗಳನ್ನು ಕಾಯಬೇಕು. ಹೀಗಾಗಿ ಮನೆಯ ಕೋವಿ ಅರ್ಧ ಮನೆಯದು, ಅರ್ಧ ಅರಸನದು ಎನ್ನಬಹುದು.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪೆನಿಯವರು ಕೊಡಗನ್ನು ವಶಪಡಿಸಿಕೊಂಡರು. ಮೂರೇ ವರ್ಷಗಳಲ್ಲಿ, 1837ರ ಏಪ್ರಿಲ್‌ನಲ್ಲಿ, ಅಮರಸುಳ್ಯದ ಕಡೆಯಿಂದ ದಂಗೆಯೆದ್ದಿತು. ಅದನ್ನು ಅಡಗಿಸಲು ಕೊಡಗಿನ ಹಲವರು ಕಂಪೆನಿಗೆ ನೆರವಾದರು. ಅದರ ನೆನಪಿಗೆ ಸರಕಾರ ಹೊರಡಿಸಿದ ಪದಕದಲ್ಲಿ, ಎತ್ತಿದ ಬಲಗೈಯಲ್ಲಿ ಕತ್ತಿಯನ್ನೂ ಎಡಗೈಯಲ್ಲಿ ಕೋವಿಯನ್ನೂ ಹಿಡಿದ ಕೊಡಗಿನ ವೀರನ ಚಿತ್ರವಿದೆ. ಚಿತ್ರವೇನೋ ಸೊಗಸಾಗಿದೆ. ನೆರೆಯ ನಾಡಿನ ರೈತರ ಮೇಲೆ ಎತ್ತಿದ ಆಯುಧಕ್ಕೆ ಬಂದ ಬಹುಮಾನ ಅದು ಎಂಬುದನ್ನು ಮಾತ್ರ ಇತಿಹಾಸ ಓದುವವನು ಮರೆಯುವಂತಿಲ್ಲ. ಮುಂದಿನ ವಿನಾಯಿತಿಗೆ ಬೀಜ ಬಿದ್ದದ್ದೂ ಅಲ್ಲಿಯೇ.

1857ರ ಮಹಾಸಂಗ್ರಾಮದ ತರುವಾಯ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆಗಳು ಬಂದವು. ಮೈಸೂರು ಮತ್ತು ಕೊಡಗಿನ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ 1861ರಲ್ಲಿ ಒಂದು ಪ್ರಕಟಣೆ ಹೊರಡಿಸಿ, ಕೊಡಗರ ನಿಷ್ಠೆಯನ್ನೂ ಹಿಂದೆ ಮಾಡಿದ ಸೇವೆಯನ್ನೂ ಹೊಗಳಿ, ಕೊಡವ ಜನಾಂಗಕ್ಕೆ ಆ ಕಾಯಿದೆ ತಗುಲದೆಂದು ಸಾರಿದರು. ಅದೇ ವರ್ಷ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ಅವರು ತೀರಿಕೊಂಡರು. ಲಾರ್ಡ್ ಲಿಟ್ಟನ್ನನ ಕಾಲದಲ್ಲಿ, 1878ರಲ್ಲಿ, ಇನ್ನೂ ಬಿಗಿಯಾದ ಶಸ್ತ್ರ ಕಾಯಿದೆ ಬಂದಾಗಲೂ ಕೊಡಗಿನ ವಿನಾಯಿತಿ ಉಳಿಯಿತು.

ಆಯುಧ ಇಟ್ಟುಕೊಳ್ಳುವ ಹಕ್ಕು ಸಿಕ್ಕಿತು ಸರಿ, ಯಾವ ಆಯುಧ? ಮೊದಲಿನವು ಬತ್ತಿಯ ಕೋವಿಗಳು. ಉರಿಯುವ ಬತ್ತಿಯನ್ನು ಮದ್ದಿಗೆ ಮುಟ್ಟಿಸಿ ಹಾರಿಸಬೇಕು. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡದ ಸೀಮೆಯಲ್ಲಿ ಬತ್ತಿಯನ್ನು ಆರದಂತೆ ಕಾಯುವುದೇ ಒಂದು ತಪಸ್ಸು. ಅಲ್ಲದೆ, ಕತ್ತಲಲ್ಲಿ ಆ ಕೆಂಡ ಕಾಯುವವನು ನಿಂತ ಜಾಗವನ್ನು ಎದುರಾಳಿಗೆ ತೋರಿಸಿಕೊಡುತ್ತಿತ್ತು. ಅನಂತರ ಚಕಮಕಿ ಕಲ್ಲಿನದು ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿನ ಕೋವಿ ಬಂತು. ಕುದುರೆ ಬಡಿದರೆ ತಾಮ್ರದ ಪುಟ್ಟ ಕೇಪು ಸಿಡಿದು ಒಳಗಿನ ಮದ್ದಿಗೆ ಕಿಡಿ ಹಾಯಿಸುವ ಈ ಉಪಾಯ ಮಳೆನಾಡಿಗೆ ವರವಾಯಿತು. ಆದರೂ ನಳಿಗೆಯ ಬಾಯಿಂದಲೇ ಮದ್ದು, ನಾರು, ಚರೆ ತುಂಬಿ ಗಜದಿಂದ ಇಡಿಯಬೇಕು. ಮೊದಲ ಈಡು ತಪ್ಪಿದರೆ ಎರಡನೆಯದಕ್ಕೆ ಹಂದಿಯಾಗಲಿ ಕಳ್ಳನಾಗಲಿ ಕಾದು ನಿಲ್ಲುವುದಿಲ್ಲ.

ಈ ಕೊರತೆಯನ್ನು ನೀಗಿದ್ದು ಹಿಂದಿನಿಂದ ತೋಟಾ ತುಂಬುವ ಜೋಡುನಳಿಗೆ. ಎರಡು ಈಡು ಸದಾ ಸಿದ್ಧ; ಒಂದರಲ್ಲಿ ಸಣ್ಣ ಚರೆ, ಇನ್ನೊಂದರಲ್ಲಿ ದಪ್ಪದ್ದು ಹಾಕಿಟ್ಟುಕೊಳ್ಳಬಹುದು. ‘ಹನ್ನೆರಡು ಬೋರ್’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಒಂದು ಪೌಂಡು ಸೀಸದಿಂದ ಸಮನಾದ 12 ಉಂಡೆ ಮಾಡಿದರೆ ಅವುಗಳಲ್ಲೊಂದು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ ಎಂಬುದೇ ಅದರ ಅರ್ಥ. ದೂರದ ಗುರಿಗೆ ರೈಫಲ್ ಮೇಲು, ನಿಜ. ಆದರೆ ಅದರ ಗುಂಡು ಎದುರಿನ ಗುರಿಯನ್ನು ದಾಟಿ ಬಹುದೂರ ಹೋಗುತ್ತದೆ. ತೋಟದಾಚೆ ಆಳುಗಳ ಲೈನುಮನೆ ಇರುವಲ್ಲಿ ಇದು ಸಣ್ಣ ಮಾತಲ್ಲ. ಚರೆಯ ಕಸುವು ಬೇಗ ಇಳಿಯುತ್ತದೆ. ಅಂಗಳದ ಅಳತೆಯ ಕೆಲಸಕ್ಕೆ ಜೋಡುನಳಿಗೆಯೇ ಹಿತವೆಂದು ಬಹಳ ಮನೆಯವರು ಕಂಡುಕೊಂಡದ್ದು ಅನುಭವದಿಂದಲೇ ಇರಬೇಕು.

ಇನ್ನು ಬೆಳಕಿನ ಸಂಗತಿ. ಕೋವಿಯ ಕಥೆ ಬರೆದವರು ಬಹುಮಂದಿ. ಅದರ ಜತೆಗಿನ ದೀಪವನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಆದರೆ ಮನೆಗೆ ಅಪಾಯ ಬರುವುದು ಹೆಚ್ಚಾಗಿ ರಾತ್ರಿ. ದನದ ಕೊಟ್ಟಿಗೆಯಲ್ಲಿ ಸದ್ದಾಯಿತು. ಅದು ಚಿರತೆಯೋ, ಕಳ್ಳನೋ, ಹೊರಗೆದ್ದು ಹೋದ ಮನೆಯ ಹುಡುಗನೋ? ಇದನ್ನು ತಿಳಿಯದೆ ಕುದುರೆಗೆ ಬೆರಳಿಟ್ಟವನು ತನ್ನ ಮನೆಗೆ ತಾನೇ ಶತ್ರು. ಹಿಂದೆ ಇದ್ದದ್ದು ಒಣ ಬಿದಿರು ಸಿಬಿರಿನ ಸೂಡಿ. ಅದನ್ನು ಬೀಸುತ್ತ ಇನ್ನೊಬ್ಬರು ಜತೆಗೆ ಬರಬೇಕು. ಲಾಟೀನು ಬಂದ ಮೇಲೆ ಗಾಳಿಯ ಭಯ ತಪ್ಪಿತು. ಆದರೆ ಲಾಟೀನಿನ ಬೆಳಕು ಸುತ್ತಲೂ ಚೆಲ್ಲುತ್ತದೆ. ಎದುರಿಗಿರುವುದು ಕಾಣುವುದಕ್ಕೆ ಮೊದಲು ಹಿಡಿದವನ ಮುಖವೇ ಕಾಣುತ್ತದೆ. ಬೆಳಕನ್ನು ಒಂದೇ ಕಡೆಗೆ ಚಾಚುವ ವಿದ್ಯುತ್ ಟಾರ್ಚಿಗೆ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದು 1899ರಲ್ಲಿ. ಆಗಿನ ಬ್ಯಾಟರಿ ಒಂದೇ ಸಮನೆ ಉರಿಯಲಾರದೆ ಮಿಂಚಿ ಆರುತ್ತಿದ್ದುದರಿಂದ ಅಲ್ಲಿನವರು ಅದನ್ನು ಮಿಂಚುದೀಪವೆಂದೇ ಕರೆದರು.

ಆ ದುರ್ಬಲ ಬ್ಯಾಟರಿಯ ಬೆಲೆ ಏನೆಂಬುದಕ್ಕೆ ಹಿಮಾಲಯದ ತಪ್ಪಲಿನಲ್ಲಿ ನಡೆದದ್ದೊಂದು ಪ್ರಸಂಗವಿದೆ. ಗಢವಾಲದ ರುದ್ರಪ್ರಯಾಗದ ಚಿರತೆ ಎಂಟು ವರ್ಷಗಳಲ್ಲಿ, ಸರಕಾರದ ಲೆಕ್ಕದಂತೆಯೇ, 125 ಜನರನ್ನು ಕೊಂದಿತ್ತು. ಮನೆಯ ಬಾಗಿಲು ಮುರಿದು ಒಳಗೆ ಮಲಗಿದ್ದವರನ್ನೂ ಎಳೆದೊಯ್ಯುತ್ತಿದ್ದ ಪ್ರಾಣಿ ಅದು. 1926ರ ಮೇ ತಿಂಗಳ ಆರಂಭದಲ್ಲಿ, ಗೋಲಾಬ್ರಾಯ್ ಎಂಬಲ್ಲಿ ಯಾತ್ರಿಕರ ದಾರಿಯ ಪಕ್ಕದ ಮಾವಿನ ಮರದ ಮೇಲೆ ಜಿಮ್ ಕಾರ್ಬೆಟ್ ಕಾದು ಕುಳಿತಿದ್ದರು. ಅವರ ರೈಫಲ್ಲಿಗೆ ಟಾರ್ಚು ಬಿಗಿದಿತ್ತು. ಕೆಳಗೆ ಕಟ್ಟಿದ್ದ ಮೇಕೆಯ ಗಂಟೆ ಅಲುಗಿತು, ಗುಂಡಿ ಒತ್ತಿದೊಡನೆ ಬೆಳಕು ನೇರವಾಗಿ ಚಿರತೆಯ ಹೆಗಲ ಮೇಲೆ ಬಿತ್ತು, ಈಡು ಹಾರಿತು. ಅದೇ ಕ್ಷಣಕ್ಕೆ ಟಾರ್ಚೂ ಆರಿತು.  ಪ್ರಾಣಿ ಸತ್ತಿತೋ, ಗಾಯಗೊಂಡು ಪೊದೆಯಲ್ಲಿ ಹೊಂಚಿದೆಯೋ ತಿಳಿಯುವ ಬಗೆಯಿಲ್ಲದೆ, ಆ ನುರಿತ ಬೇಟೆಗಾರ ಬೆಳಗಾಗುವವರೆಗೂ ಮರದ ಮೇಲೆಯೇ ಕೂತಿರಬೇಕಾಯಿತು. ಬಂದೂಕು ತಪ್ಪಲಿಲ್ಲ, ಎರಡನೆಯ ದೀಪವೊಂದು ಕೈಯಲ್ಲಿರಲಿಲ್ಲ, ಅಷ್ಟೆ.

ಸ್ವಾತಂತ್ರ್ಯ ಬಂದ ಮೇಲೆ, 1956ರಲ್ಲಿ, ಕೊಡಗು ಅಂದಿನ ಮೈಸೂರು ರಾಜ್ಯದಲ್ಲಿ ಸೇರಿತು. 1959ರ ಹೊಸ ಶಸ್ತ್ರ ಕಾಯಿದೆಯ ಕೆಳಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಯಿತು. ಜಮ್ಮಾದಾರರಲ್ಲಿ ಗೌಡರೂ ಮತ್ತಿತರರೂ ಇದ್ದಾರೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಇದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಹುಟ್ಟಿನಿಂದಲೋ ಭೂಮಿಯಿಂದಲೋ ಕೆಲವರಿಗಷ್ಟೇ ಈ ಹಕ್ಕು ಸಲ್ಲುವುದು ಸಮಾನತೆಗೆ ಒಪ್ಪುವುದೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಪ್ರಶ್ನೆ ನ್ಯಾಯವಾದದ್ದೇ, ಕಂಪೆನಿಯ ಮೆಚ್ಚುಗೆಯಿಂದ ಹುಟ್ಟಿದ ಹಕ್ಕಿಗೆ ಗಣರಾಜ್ಯದಲ್ಲಿ ಬೇರೆ ಆಧಾರ ಬೇಕಲ್ಲವೆ? ಬಹುಕಾಲದಿಂದ ನಡೆದುಬಂದದ್ದು, ಕಾಲಮಿತಿ ಮತ್ತು ನಿಬಂಧನೆಗಳಿಗೆ ಒಳಪಟ್ಟದ್ದು ಎಂಬ ಕಾರಣಗಳ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಈಗಿನ ವಿಸ್ತರಣೆಯ ಅವಧಿ 2029ರ ಅಕ್ಟೋಬರ್ ತಿಂಗಳವರೆಗೆ.