ವೀರಗಲ್ಲಿನಿಂದ ಕ್ಯಾಮೆರಾದವರೆಗೆ

ಮಾಯಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯ ಶಾಸನಗಳು ಒಟ್ಟಾಗಿ ಓದಿಗೆ ಸಿಕ್ಕಿದ್ದು 1904ರಲ್ಲಿ, ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಸಂಪುಟವನ್ನು ಹೊರತಂದಾಗ. ಆ ತಲೆಮಾರಿನ ವಿದ್ವಾಂಸರು ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ವೀರಗಲ್ಲಿನಲ್ಲಿ ಮುಖ್ಯವಾಗಿ ಹುಡುಕಿದ್ದು ದೊರೆಯ ಹೆಸರು, ಶಕವರ್ಷ, ಕಾಳಗದ ವಿವರ. ಸತ್ತವನಿಗಾಗಿ ಅತ್ತವರು ಯಾರು, ಅವನ ಮನೆಯವರ ಗತಿ ಏನಾಯಿತು ಎಂಬುದು ಬದಿಗೆ ಸರಿಯಿತು. 1966ರಲ್ಲಿ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಈ ಪ್ರಶ್ನೆಗಳನ್ನು ಮುಂದಕ್ಕೆ ತಂದಿತು. 1982ರಲ್ಲಿ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಬಂತು. ಸ್ಮಾರಕಶಿಲೆಗಳ ಕುರಿತು ಎಸ್. ಶೆಟ್ಟರ್ ಮತ್ತು ಗುಂಥರ್ ಸೋಂಥೈಮರ್ ಸಂಪಾದಿಸಿದ ಗ್ರಂಥವೂ ಅದೇ ವರ್ಷದ್ದು. ಈ ಓದುಗಳಿಂದ ಸಿಕ್ಕ ದೊಡ್ಡ ತಿಳಿವಳಿಕೆ, ನನ್ನ ಎಣಿಕೆಯಲ್ಲಿ, ಶೋಕಕ್ಕೆ ಹೊಣೆಯೂ ಇತ್ತೆಂಬುದು. ತುರುಗಾಳಗದಲ್ಲಿ ಮಡಿದವನ ಕಲ್ಲಿನ ಕೆಳಪಟ್ಟಿಯಲ್ಲಿ ಕಾದಾಟ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗ. ಅಷ್ಟಕ್ಕೇ ನಿಲ್ಲದೆ ಎಷ್ಟೋ ಕಡೆ ಅವನ ವಂಶದವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟುಕೊಡುತ್ತಿದ್ದರು. ಹೋದವನ ಹಿಂದೆ ಉಳಿದವರನ್ನು ನೋಡಿಕೊಳ್ಳುವುದೂ ದುಃಖದ ಭಾಗವಾಗಿತ್ತು.

ಈ ಹೊಣೆಯ ಕಣ್ಣಿನಿಂದ ನೋಡಿದರೆ ನಮ್ಮ ಕಾಲದ ಶೋಕವೂ ಇದೇ ಅಧ್ಯಯನದೊಳಗೆ ಬರಬೇಕು. ಶಾಸನಗಳನ್ನು ಓದುತ್ತಲೇ ಬದುಕಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆ ಕೊಂದರು. ಅದೇ ತಿಂಗಳು 26ರಂದು ಸಿರಿಯಾದ ರಕ್ಕಾ ಬಳಿ ಯುದ್ಧವನ್ನು ಚಿತ್ರೀಕರಿಸುತ್ತಿದ್ದ ಲಂಡನ್ನಿನ ಕುರ್ದಿಶ್ ಚಲನಚಿತ್ರಕಾರ ಮೆಹ್ಮೆತ್ ಅಕ್ಸೋಯ್ ಐಸಿಸ್ ದಾಳಿಗೆ ಬಲಿಯಾದರು. ಲಂಡನ್ ಕುರ್ದಿಶ್ ಚಿತ್ರೋತ್ಸವವನ್ನು ನಡೆಸಿದವರಲ್ಲಿ ಅವರೂ ಒಬ್ಬರು. ಆ ನವೆಂಬರಿನಲ್ಲಿ ಹೈಗೇಟ್ ಸ್ಮಶಾನದವರೆಗೆ ಅವರ ಹಿಂದೆ ನಡೆದ ದೊಡ್ಡ ಜನಸಮೂಹ, ಸೆಪ್ಟೆಂಬರ್ 12ರಂದು ‘ನಾನು ಗೌರಿ’ ಎಂದು ಬೆಂಗಳೂರಿನಲ್ಲಿ ಸೇರಿದ ಜನ, ಎರಡೂ ಕಡೆಯವರು ಕಳಕೊಂಡದ್ದು ತಮ್ಮ ಪರವಾಗಿ ನೋಡುತ್ತಿದ್ದ ಕಣ್ಣನ್ನು. 2022ರಲ್ಲಿ ಕವಿತಾ ಲಂಕೇಶ್ ಅಕ್ಕನ ಕುರಿತೇ ಸಾಕ್ಷ್ಯಚಿತ್ರ ಮಾಡಿದರು. ನೆತ್ತರುಗೊಡಗೆಯ ಹೊಣೆ ಇಲ್ಲಿ ಕೆಲಸವನ್ನು ಮುಂದುವರಿಸುವ ರೂಪ ತಾಳಿತು ಎನ್ನುತ್ತೇನೆ.

ವೀರಗಲ್ಲು ಯುದ್ಧವನ್ನು ಕೊಂಡಾಡುತ್ತದೆ, ಪತ್ರಿಕೆ ಮತ್ತು ಕ್ಯಾಮೆರಾ ಅದನ್ನು ಪ್ರಶ್ನಿಸುತ್ತವೆ, ಹೋಲಿಕೆ ಹೇಗೆ ಎಂದು ಕೇಳಬಹುದು. ಕೊಂಡಾಟ ಉಂಟು, ನಿಜ. ಆದರೆ ಆತಕೂರಿನ ಶಾಸನದಲ್ಲಿ ತಕ್ಕೋಲದ ಕಾಳಗದ ಗೆಲುವಿನ ಪಕ್ಕದಲ್ಲೇ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಯ ನೆನಪೂ ಇದೆ. ಹೊಗಳಿಕೆಯ ಚೌಕಟ್ಟಿನಲ್ಲೂ ನಷ್ಟ ದಾಖಲಾಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. ಅಕ್ಸೋಯ್ ಕುರ್ದಿಶ್ ಪಡೆ ವೈಪಿಜಿಯ ಮಾಧ್ಯಮ ವಿಭಾಗದಲ್ಲಿದ್ದರು. ಪಕ್ಷ ಹಿಡಿದವರ ಸಾಕ್ಷ್ಯವನ್ನು ನಂಬುವುದೆಂತು? ವೀರಗಲ್ಲಿನ ಅಧ್ಯಯನವೇ ಇದಕ್ಕೆ ದಾರಿ ತೋರಿದೆ. ಮಡಿದವನ ಕಡೆಯವರು ನಿಲ್ಲಿಸಿದ ಕಲ್ಲುಗಳಿಂದಲೇ ನಾವು ದನಗಳ್ಳತನ, ಗಡಿಜಗಳ, ದಾನದ ಲೆಕ್ಕ ತಿಳಿದಿದ್ದೇವೆ. ಯಾರ ಕಡೆಯ ಮಾತೆಂದು ಗೊತ್ತಿದ್ದರೆ ಎಷ್ಟು ನಂಬಬೇಕೆಂದು ತೂಗಬಹುದು. ಪಕ್ಷವನ್ನು ಬಚ್ಚಿಟ್ಟವರ ಸಾಕ್ಷ್ಯವನ್ನು ತೂಗುವುದೇ ಕಷ್ಟ.

ಸಾಕ್ಷ್ಯವನ್ನು ತೂಗಲು ಅದನ್ನು ದಾಖಲಿಸಿದವನೂ ಗೊತ್ತಿರಬೇಕು, ಆದರೆ ವೀರಗಲ್ಲಿನ ಅಧ್ಯಯನದಲ್ಲಿ ಈ ಒಂದು ಕೆಲಸ ಹಿಂದೆ ಬಿದ್ದಿದೆ. ಮಡಿದ ವೀರನ ಬಗ್ಗೆ ಪುಟಗಟ್ಟಲೆ ಬರೆದಿದ್ದೇವೆ. ಆ ಸಾವನ್ನು ಕಡೆದ ರೂವಾರಿಗೆ ಅಡಿಟಿಪ್ಪಣಿಗಿಂತ ಹೆಚ್ಚು ಜಾಗ ಸಿಕ್ಕಿದ್ದು ಅಪರೂಪ. ಕೆಲವು ಶಾಸನಗಳ ಕೊನೆಯ ಸಾಲಿನಲ್ಲಿ ಅವನ ಹೆಸರಿದೆ. ಆ ಹೆಸರುಗಳನ್ನು ತಾಲ್ಲೂಕುವಾರು ಕೂಡಿಸುವ ಕೆಲಸ ತುಮಕೂರು ಸಂಪುಟದಿಂದಲೇ ಆರಂಭವಾಗಬಹುದು.